ಯಾರೂ ಓದದಿರಲಿ ನನ್ನ ಕೈಪಿಡಿ

“ನಿಮ್ಮ ಅಭಿಪ್ರಾಯ ಹೇಳಿ” ಎಂದು ಯಾರಾದರೂ ಕೇಳಿದರೆ ಹಿಗ್ಗುವವರನ್ನು ನಾನು ನೋಡಿದ್ದೇನೆ. ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಗಂಟಲು ಸರಿಮಾಡಿಕೊಂಡು, ಇಷ್ಟು ದಿನ ಇದೇ ಪ್ರಶ್ನೆಗಾಗಿ ಕಾದಿದ್ದವರಂತೆ ಶುರು ಮಾಡುತ್ತಾರೆ. ನನಗೆ ಮಾತ್ರ ಆ ಮಾತು ಕಿವಿಗೆ ಬಿದ್ದೊಡನೆ ಸೊಂಟ ಹಿಡಿದಂತಾಗುತ್ತದೆ. ಅಭಿಪ್ರಾಯ ಕೇಳುವವರು ಅದರ ಬೆನ್ನಿಗೇ ಒಂದು ಕೆಲಸವನ್ನೂ ಕಟ್ಟಿ ಕೊಡುತ್ತಾರೆಂಬುದು ನನ್ನ ಅನುಭವ. ಮನೆಯಲ್ಲಿ ಹೆಂಡತಿ ಸುಧಾ “ಪಲ್ಯ ಯಾವುದು ಮಾಡ್ಲಿ, ಹೀರಿಕಾಯಿನೋ ಚವಳಿಕಾಯಿನೋ?” ಎಂದು ಕೇಳುತ್ತಾಳೆ. ಹೀರೆಕಾಯಿ ಎಂದರೆ ಚೀಲ ಹಿಡಿದು ಬೈಲಹೊಂಗಲದ ಪೇಟೆಗೆ ಹೋಗಬೇಕಾದವನು ನಾನು. ಚವಳಿಕಾಯಿ ಎಂದರೆ ಪೇಟೆಗೂ ಹೋಗಿ, ಬಂದು ಕುಳಿತು ಅದನ್ನು ಸೋಸಬೇಕಾದವನೂ ನಾನೇ. ಹೀಗಾಗಿ ಇತ್ತೀಚೆಗೆ “ನಿನಗ ಹೆಂಗ ತಿಳೀತದ ಹಂಗ ಮಾಡು” ಎನ್ನುವುದನ್ನು ರೂಢಿಸಿಕೊಂಡಿದ್ದೇನೆ. ಮನೆಯಲ್ಲಿ ಇದು ನಡೆಯುತ್ತದೆ. ಕಚೇರಿಯಲ್ಲಿ ನಡೆಯುವುದಿಲ್ಲ. ಅಲ್ಲಿ ಅಭಿಪ್ರಾಯವನ್ನು ಬರೆದು, ಸಹಿ ಮಾಡಿ, ಎರಡು ಪ್ರತಿ ತೆಗೆದು ಕೊಡಬೇಕಾಗುತ್ತದೆ.

ನಮ್ಮದೊಂದು ಸಣ್ಣ ಶಿಕ್ಷಣ ಸಂಸ್ಥೆ. ಬೈಲಹೊಂಗಲದಲ್ಲಿ ಕಚೇರಿ, ಸುತ್ತಲಿನ ನಾಲ್ಕು ತಾಲೂಕುಗಳಲ್ಲಿ ಹನ್ನೊಂದು ವಿದ್ಯಾರ್ಥಿ ನಿಲಯಗಳು. ನಾನು ಅಲ್ಲಿ ಹೆಡ್ ಕ್ಲಾರ್ಕ್. ನಿವೃತ್ತಿಗೆ ಇನ್ನೊಂದು ವರ್ಷವಿದೆ. ಈ ಕೊನೆಯ ವರ್ಷ ಎಂಬುದು ಬಹಳ ದಣಿವಿನ ವಸ್ತು. ಬಸ್ಸು ಊರು ಮುಟ್ಟುವ ಮುಂಚಿನ ಎರಡು ಕಿಲೋಮೀಟರು ಇರುತ್ತದಲ್ಲ, ಹಾಗೆ. ಚೀಲ ಮಡಿಲಲ್ಲಿ ಇಟ್ಟುಕೊಂಡು ಕುಳಿತಾಗಿದೆ, ಆದರೆ ಇಳಿಯುವ ಹಾಗಿಲ್ಲ. ಇಂಥ ಹೊತ್ತಿನಲ್ಲಿ ನಮ್ಮ ಕಾರ್ಯದರ್ಶಿಗಳು ನನ್ನನ್ನೂ ವಿದ್ಯಾ ಮೇಡಂ ಅವರನ್ನೂ ಕರೆಸಿದರು. ವಿದ್ಯಾ ನಮ್ಮ ಕಚೇರಿಯ ಕಂಪ್ಯೂಟರ್ ವಿಭಾಗ. ವಿಭಾಗ ಎಂದರೆ ಅವರೊಬ್ಬರೇ. ಕಾರ್ಯದರ್ಶಿಗಳು ಬಹಳ ವರ್ಷ ವಕೀಲಿಕೆ ಮಾಡಿ ಬಿಟ್ಟವರು. ಜಗತ್ತಿನ ಯಾವ ವಿಷಯಕ್ಕೂ ಎರಡೇ ಪಕ್ಷಗಳು, ಮೂರನೆಯದಿಲ್ಲ ಎಂದು ನಂಬಿದವರು.

“ಜೋಶಿಯವರ, ಈ ವರ್ಷ ನಮ್ಮ ಎಲ್ಲಾ ಹಾಸ್ಟೆಲಿನ ಅಡಿಗಿಯವರಿಗೂ ತರಬೇತಿ ಕೊಡಬೇಕಂತ ಕಮಿಟಿಯೊಳಗ ಆಗೇತಿ. ಸ್ವಚ್ಛತಾ, ಸುರಕ್ಷತಾ, ಎಲ್ಲಾ. ನಿಮ್ಮ ಪುಸ್ತಕಾನ ಮತ್ತ ಅಚ್ಚ ಹಾಕಸೂದೋ, ಏನು ಈ ಬಾಯಾರು ಹೇಳೂ ಹಂಗ ಆನ್‌ಲೈನ್ ಕೋರ್ಸ್ ಮಾಡೂದೋ? ಇಬ್ಬರೂ ಕೂಡಿ ನೋಡ್ರಿ. ನಿಮ್ಮ ಅಭಿಪ್ರಾಯ ಬರದು ಕೊಡ್ರಿ” ಎಂದು ಒಂದು ಹಾಳೆ ನನ್ನ ಕೈಗಿಟ್ಟರು. ಹಾಳೆಯಲ್ಲಿ ಎರಡು ಕಾಲಂ ಇದ್ದವು. ಒಂದರ ಮೇಲೆ ‘ಮುದ್ರಿತ’, ಇನ್ನೊಂದರ ಮೇಲೆ ‘ಆನ್‌ಲೈನ್’. ಕೆಳಗೆ ಗುರುತು ಹಾಕಲು ಎರಡು ಚೌಕ.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ಅವರು ‘ನಿಮ್ಮ ಪುಸ್ತಕ’ ಎಂದದ್ದು ಸುಮ್ಮನೆ ಅಲ್ಲ. ಮೂರು ವರ್ಷದ ಹಿಂದೆ ‘ಪಾಕಶಾಲೆಯ ಶುಚಿತ್ವ ಮತ್ತು ಸುರಕ್ಷತೆ: ಒಂದು ಕೈಪಿಡಿ’ ಎಂಬ ನಲವತ್ತೆಂಟು ಪುಟದ ಪುಸ್ತಕವನ್ನು ಬರೆದವನು ನಾನು. ಅದರ ಹಿಂಬದಿಯಲ್ಲಿ ನನ್ನ ಫೋಟೋ ಇದೆ. ಮುನ್ನೂರು ಪ್ರತಿ ಅಚ್ಚಾಗಿ ಹನ್ನೊಂದು ನಿಲಯಗಳಿಗೂ ಹೋದವು. ಅಡುಗೆಮನೆ ಎಂಬ ಒಳ್ಳೆಯ ಮಾತು ಇರುವಾಗ ಪಾಕಶಾಲೆ ಯಾಕೆ ಎಂದು ನೀವು ಕೇಳಬಹುದು. ಅಚ್ಚಾಗುವ ಪುಸ್ತಕದಲ್ಲಿ ಅಡುಗೆಮನೆ ಎಂದು ಬರೆಯಲು ನನ್ನ ಮನಸ್ಸು ಒಪ್ಪಲಿಲ್ಲ, ಅಷ್ಟೇ. ಮೂರು ವರ್ಷವಾದರೂ ಆ ಕೈಪಿಡಿಯ ಬಗ್ಗೆ ಯಾರೂ ಒಂದು ಮಾತು ಆಡಿರಲಿಲ್ಲ. ಯಾರಾದರೂ ಆಡಲಿ ಎಂದು ನಾನೇ ವಿಷಯ ತೆಗೆಯುತ್ತಿದ್ದೆ. “ಈಗಿನವರು ಓದೂದ ಇಲ್ಲ ಬಿಡ್ರಿ” ಎಂದು ವಾರ್ಡನ್ನರ ಮುಂದೆ ನಿಟ್ಟುಸಿರು ಬಿಡುತ್ತಿದ್ದೆ. ಅವರು “ಹೌದ್ರಿ, ಓದೂದ ಇಲ್ಲ” ಎಂದು ತಾವೂ ನಿಟ್ಟುಸಿರು ಬಿಟ್ಟು ಚಹಾ ತರಿಸುತ್ತಿದ್ದರು. ಇಂಥವನನ್ನೇ ಪುಸ್ತಕ ಬೇಕೋ ಬೇಡವೋ ಎಂಬ ತೀರ್ಪಿಗೆ ಕೂರಿಸಿದರೆ ತೀರ್ಪು ಏನಾಗುತ್ತದೆ? ಕೋಣೆಯಿಂದ ಹೊರಗೆ ಬರುವಷ್ಟರಲ್ಲಿ ಮನಸ್ಸಿನಲ್ಲೇ ‘ಮುದ್ರಿತ’ದ ಚೌಕಕ್ಕೆ ಗುರುತು ಹಾಕಿ ಮುಗಿಸಿದ್ದೆ.

ವಿದ್ಯಾ ಮೇಡಂ ಜಾಣೆ. ವಾದಕ್ಕೆ ನಿಲ್ಲಲಿಲ್ಲ. “ಸರ್, ಒಂದು ಸ್ಯಾಂಪಲ್ ಮಾಡೇನಿ, ನೋಡ್ರಿ ಸಾಕು” ಎಂದು ಮರುದಿನ ಮೊಬೈಲ್ ಮುಂದೆ ಹಿಡಿದರು. ಬಿಳಿ ಟೊಪ್ಪಿಗೆಯ ಒಂದು ಗೊಂಬೆ ಬಂದು ಕೈಮುಗಿಯಿತು. ಆಮೇಲೆ ಒಂದು ಯಂತ್ರದ ಹೆಣ್ಣುದನಿ ಪಾಠ ಓದತೊಡಗಿತು. ಎರಡು ವಾಕ್ಯ ಕೇಳುವಷ್ಟರಲ್ಲಿ ನನ್ನ ಕಿವಿ ನಿಮಿರಿತು. “ಪಾಕಶಾಲೆಯನ್ನು ಪ್ರವೇಶಿಸುವ ಮುನ್ನ ಹಸ್ತಪ್ರಕ್ಷಾಲನೆ ಅವಶ್ಯ…” ಇದು ನನ್ನ ವಾಕ್ಯ! “ಹೌದ್ರಿ ಸರ್, ಪಾಠ ಎಲ್ಲಾ ನಿಮ್ಮ ಪುಸ್ತಕದಿಂದನ ತಗೊಂಡೇನಿ. ಇಷ್ಟು ಛಂದ ಬರದೀರಿ, ಮತ್ತ ಬ್ಯಾರೆ ಯಾಕ ಬರೀಬೇಕು?” ಎಂದರು ವಿದ್ಯಾ. ನನ್ನ ಮುದ್ರಿತ ನಿಷ್ಠೆ ಅಲ್ಲಿಯೇ ಸ್ವಲ್ಪ ಸಡಿಲವಾಯಿತು. ಯಂತ್ರ ಹದಿನೆಂಟು ನಿಮಿಷ ನನ್ನ ಗದ್ಯವನ್ನು ಓದಿತು. ನಾನು ಕಣ್ಣುಮುಚ್ಚಿ, ಸಂಗೀತ ಕೇಳುವವರಂತೆ ತಲೆದೂಗುತ್ತ ಕೇಳಿದೆ. ಪುಸ್ತಕವಾದರೂ ನನ್ನದೇ, ಕೋರ್ಸಾದರೂ ನನ್ನದೇ ಎಂದಮೇಲೆ ಜಗಳವೆಲ್ಲಿ ಬಂತು? ಎರಡನ್ನೂ ಒಂದು ನಿಲಯದಲ್ಲಿ ಅಡುಗೆಯವರ ಮುಂದೆ ಇಟ್ಟು ನೋಡಿ, ಅವರು ಯಾವುದನ್ನು ಒಪ್ಪುತ್ತಾರೋ ಅದಕ್ಕೇ ಗುರುತು ಹಾಕೋಣ ಎಂದು ಉದಾರವಾಗಿ ಘೋಷಿಸಿದೆ. ಮುನವಳ್ಳಿಯ ನಿಲಯ ಎಂದು ಗೊತ್ತಾಯಿತು.

ಮುನವಳ್ಳಿಯ ಅಡುಗೆಮನೆಯ ಮುಖ್ಯಸ್ಥೆ ಗಂಗವ್ವ. ಐವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. ಏಳನೆಯ ಇಯತ್ತೆಯವರೆಗೆ ಕನ್ನಡ ಸಾಲಿಗೆ ಹೋದವರು. ಆಮೇಲೆ ಕಿರಾಣಿ ಕಟ್ಟಿಕೊಂಡು ಬಂದ ಕಾಗದವನ್ನೂ ಬಿಡದೆ ಓದಿ ಓದನ್ನು ಉಳಿಸಿಕೊಂಡವರು. ಈ ಕೊನೆಯ ಸಂಗತಿ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಬೇರೆ ನಿಲಯ ಆರಿಸುತ್ತಿದ್ದೆನೋ ಏನೋ. ಮಧ್ಯಾಹ್ನದ ಊಟ ಮುಗಿದು, ದೊಡ್ಡ ಪಾತ್ರೆಗಳನ್ನು ತೊಳೆದು ಬೋರಲು ಹಾಕಿದ್ದರು. ನಾಲ್ಕು ಜನ ಹೆಂಗಸರು ಸೆರಗಿನಿಂದ ಮುಖ ಒರೆಸಿಕೊಂಡು ಗೋಡೆಗೆ ಒರಗಿ ಕುಳಿತರು. ವಿದ್ಯಾ ಮೊಬೈಲನ್ನು ಬೇಳೆಯ ಡಬ್ಬಿಗೆ ಆನಿಸಿ ಇಟ್ಟು ಪಾಠ ಶುರು ಮಾಡಿದರು. ಗೊಂಬೆ ಕೈಮುಗಿದಾಗ ಹೆಂಗಸರೂ ಕೈಮುಗಿದರು. ನಾನು ಅವರ ಮುಖಗಳನ್ನೇ ನೋಡುತ್ತಿದ್ದೆ. ತಾನು ಬರೆದದ್ದನ್ನು ಜನ ಕೇಳುವುದನ್ನು ನೋಡುವ ಭಾಗ್ಯ ಎಷ್ಟು ಬರಹಗಾರರಿಗಿದೆ?

ಹತ್ತನೆಯ ನಿಮಿಷಕ್ಕೆ ಗಂಗವ್ವ ನಾಲಿಗೆಯಿಂದ ‘ಚ್ಚ್’ ಎಂದು ಸದ್ದು ಮಾಡಿದರು. ಆಮೇಲೆ ಪಕ್ಕದವಳ ಕಡೆ ತಿರುಗಿ, “ಇದರಾಗೂ ಅದ ತಪ್ಪು ಐತಿ ನೋಡವ್ವಾ” ಎಂದರು.

“ಅದ ತಪ್ಪು ಅಂದ್ರ?” ಎಂದೆ ನಾನು.

“ಪುಸ್ತಕದಾಗ ಇರೂ ತಪ್ಪು, ಸಾಹೇಬ್ರ. ಮೊಬೈಲಿನ್ಯಾಗೂ ಹಂಗ ಹೇಳಾಕತ್ತಾಳ ಈಕಿ.”

ಗಂಗವ್ವ ಎದ್ದು ಹೋಗಿ ಮಸಾಲೆ ಇಡುವ ಕಪಾಟಿನಿಂದ ನನ್ನ ಕೈಪಿಡಿ ತಂದರು. ಅದರ ಅಂಚುಗಳು ಅರಿಶಿನ ಬಣ್ಣಕ್ಕೆ ತಿರುಗಿದ್ದವು. ಮೂವತ್ತೊಂದನೆಯ ಪುಟ ತೆರೆದು ನನ್ನ ಮುಂದೆ ಹಿಡಿದರು. ಕನ್ನಡಕ ಹಾಕಿಕೊಂಡು ಓದಿದೆ. ‘ಕಾದ ಎಣ್ಣೆಗೆ ಬೆಂಕಿ ಹೊತ್ತಿಕೊಂಡರೆ ಗಾಬರಿಯಾಗದೆ ನೀರು ಹಾಕಬೇಕು.’ ಆ ‘ಹಾಕಬೇಕು’ವಿನ ಮೇಲೆ ಪೆನ್ಸಿಲ್ಲಿನ ಒಂದು ಗೆರೆ. ಅಂಚಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ‘ಇದು ತಪ್ಪ ಐತಿ. ನೀರ ಬ್ಯಾಡ. ಮುಚ್ಚಳ.’

“ಎಣ್ಣಿಗೆ ಬೆಂಕಿ ಹತ್ತಿದ್ರ ಮುಚ್ಚಳಾ ಮುಚ್ಚಿ ಒಲಿ ಆರಸಬೇಕ್ರಿ. ನೀರ ಹಾಕಿದ್ರ ಭುಗ್ ಅಂತ ಎದ್ದು ಮಾಡಿಗೇ ಹತ್ತತೈತಿ. ಎದುರಿಗೆ ನಿಂತವರ ಮಾರಿ ಉಳಿಯೂದಿಲ್ಲ” ಎಂದು ಗಂಗವ್ವ ಬಹಳ ಮೃದುವಾಗಿ, ಚಿಕ್ಕವರಿಗೆ ಹೇಳುವಂತೆ ನನಗೆ ಹೇಳಿದರು.

ಪುಸ್ತಕವನ್ನು ಕೈಗೆ ತೆಗೆದುಕೊಂಡು ಆ ಸಾಲನ್ನು ಮತ್ತೊಮ್ಮೆ ಓದಿದೆ. ಈ ಸಂಗತಿ ನನಗೆ ಗೊತ್ತಿಲ್ಲದ್ದೇನಲ್ಲ. ನಾಲ್ಕು ಪುಸ್ತಕ ನೋಡಿಯೇ ಬರೆದಿದ್ದೆ. ಹಾಗಾದರೆ ಇದು ಹೀಗೆ ಹೇಗಾಯಿತು? “ಗಂಗವ್ವ, ಮೂರು ವರ್ಷ ಆತು. ಯಾಕ ಹೇಳಲಿಲ್ಲ ನೀವು?” ಎಂದೆ.

“ಹೆಂಗ ಹೇಳೂದ್ರಿ ಸಾಹೇಬ್ರ? ಹಿಂದ ನಿಮ್ಮ ಫೋಟೋ ಐತಿ. ಕಲತವ್ರು ಬರದಾರ. ನಮ್ಮದು ಶೇಂಗಾ ಎಣ್ಣಿ, ಇವ್ರದು ಏನೋ ಬ್ಯಾರೆ ನಮೂನಿ ಎಣ್ಣಿ ಇರಬೇಕು ಅಂತ ಸುಮ್ನ ಆದೆ.”

ವಿದ್ಯಾ ಅಷ್ಟರಲ್ಲಿ ಮೊಬೈಲನ್ನು ಆರಿಸಿದ್ದರು. ಸವದತ್ತಿಗೆ ಬಂದು ಬೈಲಹೊಂಗಲದ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಕುಳಿತಮೇಲೆ, “ಸರ್, ಎಲ್ಲಾ ವಾರ್ಡನ್ನರ ಗ್ರೂಪಿನ್ಯಾಗ ಈಗ ಮೆಸೇಜ್ ಹಾಕತೇನಿ. ಕೋರ್ಸಿನ್ಯಾಗೂ ತಿದ್ದತೇನಿ” ಎಂದು ಹೆಬ್ಬೆರಳು ಆಡಿಸಿದರು. ನಾನು ನನ್ನ ಫೋನಿನಿಂದ ಒಬ್ಬೊಬ್ಬ ವಾರ್ಡನ್ನರಿಗೂ ಕರೆ ಮಾಡಿ, ಮೂವತ್ತೊಂದನೆಯ ಪುಟ ತಪ್ಪು, ಅಡುಗೆಯವರಿಗೆ ಈಗಲೇ ಹೇಳಿ ಎಂದು ಬಸ್ಸಿನ ಸದ್ದಿನ ಮೇಲೆ ಕೂಗಿ ಹೇಳಿದೆ. ಮುಂದಿನ ಸೀಟಿನ ಅಜ್ಜ ಹಿಂತಿರುಗಿ ನೋಡಿ, “ಮನ್ಯಾಗ ಬೆಂಕಿ ಹತ್ತೇತೇನ್ರಿ?” ಎಂದು ಕಾಳಜಿಯಿಂದ ಕೇಳಿದ. ಅರ್ಧ ದಾರಿ ದಾಟುವ ಮೊದಲೇ ವಿದ್ಯಾ, “ಆತ್ರಿ ಸರ್, ಕೋರ್ಸ್ ತಿದ್ದಿದೆ” ಎಂದರು. ಅವರದು ಮುಗಿಯಿತು. ನನ್ನ ಮುನ್ನೂರು ಪ್ರತಿಗಳು ಹನ್ನೊಂದು ಅಡುಗೆಮನೆಗಳಲ್ಲಿ, ಎಣ್ಣೆಯ ಡಬ್ಬಿಗಳ ಪಕ್ಕದಲ್ಲಿ, ಗಾಬರಿಯಾಗದೆ ನೀರು ಹಾಕಿ ಎಂದು ಹೇಳುತ್ತಲೇ ಕುಳಿತಿದ್ದವು.

ತಪ್ಪು ಅಚ್ಚಿನವರದೇ ಇರಬೇಕು ಎಂದು ನನಗೆ ಗಟ್ಟಿ ನಂಬಿಕೆ. ಮನೆಗೆ ಬಂದವನೇ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿ ಹಳೆಯ ಕರಡು ಹುಡುಕಿದೆ. ಸಿಕ್ಕಿತು. ಅಚ್ಚಿನವರು ಅಕ್ಷರಕ್ಕೆ ಅಕ್ಷರ ಸರಿಯಾಗಿ ಜೋಡಿಸಿದ್ದರು: ‘ಗಾಬರಿಯಾಗಿ ನೀರು ಹಾಕಬಾರದು.’ ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿದ ಕೈ ನನ್ನದು. ಆಗ ಎಲ್ಲ ನೆನಪಾಯಿತು. ನಾನು ಸಂಪಗಾಂವದ ಸಾಲೆಯಲ್ಲಿ ಕಲಿಯುವಾಗ ಒಬ್ಬ ಮಾಸ್ತರರಿದ್ದರು. ನಿಬಂಧದ ಒಂದೇ ಪುಟದಲ್ಲಿ ಒಂದೇ ಪದ ಮೂರು ಸಲ ಬಂದರೆ ಕಿವಿ ಹಿಂಡುತ್ತಿದ್ದರು. ಆ ಕಿವಿ ಇನ್ನೂ ಅಂಜುತ್ತದೆ. ಮೂವತ್ತೊಂದನೆಯ ಪುಟದಲ್ಲಿ ಒಂಬತ್ತು ‘ಬಾರದು’ಗಳಿದ್ದವು. ಒದ್ದೆ ಕೈಯಿಂದ ಸ್ವಿಚ್ ಮುಟ್ಟಬಾರದು, ಸೆರಗು ಇಳಿಬಿಡಬಾರದು, ಒಲೆಯ ಬಳಿ ಕಾಗದ ಇಡಬಾರದು… ಓದಲು ಕರ್ಕಶವೆನಿಸಿತು. ಕುಳಿತು ಒಂದೊಂದನ್ನೇ ‘ಬೇಕು’ ಮಾಡುತ್ತ ಹೋದೆ. ಒಣ ಕೈಯಿಂದಲೇ ಸ್ವಿಚ್ ಮುಟ್ಟಬೇಕು, ಸೆರಗು ಸಿಕ್ಕಿಸಿಕೊಂಡಿರಬೇಕು. ಎಣ್ಣೆಯ ವಾಕ್ಯಕ್ಕೆ ಬಂದಾಗ ‘ಗಾಬರಿಯಾಗಿ’ ಎಂಬುದನ್ನು ‘ಗಾಬರಿಯಾಗದೆ’ ಮಾಡಿದೆ, ‘ಬಾರದು’ ಹೊಡೆದು ‘ಬೇಕು’ ಮಾಡಿದೆ. ನಡುವೆ ಕುಳಿತಿದ್ದ ನೀರನ್ನು ತೆಗೆದು ಮುಚ್ಚಳ ಹಾಕುವುದನ್ನು ಮರೆತೆ. ವಾಕ್ಯದ ಲಯ ಚೆನ್ನಾಗಿದೆ. ವ್ಯಾಕರಣದಲ್ಲಿ ಒಂದು ಕುಂದಿಲ್ಲ.

ಸುಧಾಳ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ಅವಳು ಪೂರ್ತಿ ಕೇಳಿ, “ಮೂವತ್ತು ವರ್ಷದಿಂದ ಅಡಿಗಿ ಮಾಡಾಕಿ ಮನ್ಯಾಗ ಇದ್ದೀನಲ್ಲ, ಒಂದು ಮಾತು ತೋರಿಸಿದ್ರ ಹೇಳ್ತಿದ್ದೆ” ಎಂದಳು.

“ಅಚ್ಚಾದ ದಿವಸನ ಮೊದಲ ಪ್ರತಿ ಸಹಿ ಮಾಡಿ ನಿನಗ ಕೊಟ್ಟಿದ್ದೆ. ಓದಲಿಲ್ಲೇನು?”

“ಮೊದಲಿನ ಪುಟ ಓದಿದೆ. ಅದರಾಗ ಯಾರ್ ಯಾರನೋ ನೆನಸಿ ಉಪಕಾರ ಅಂತ ಬರದಿದ್ರಿ. ನನ್ನ ಹೆಸರು ಅದ ಏನು ಅಂತ ನೋಡಿದೆ. ಇರಲಿಲ್ಲ. ಮುಚ್ಚಿ ಇಟ್ಟೆ.”

ಮರುದಿನದಿಂದ ರಜೆ ಹಾಕಿ ಕೆಂಪು ಪೆನ್ನು ಹಿಡಿದು ಹೊರಟೆ. ಮೂರು ವರ್ಷ ‘ಯಾರೂ ಓದುವುದಿಲ್ಲ’ ಎಂದು ಕೊರಗಿದವನು ಈಗ ಬಸ್ಸಿನ ಕಿಟಕಿಗೆ ತಲೆಯಾನಿಸಿ, ದೇವರೇ, ಯಾರೂ ಓದದೇ ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಸಂಪಗಾಂವದಲ್ಲಿ ದೇವರು ಕೈಬಿಡಲಿಲ್ಲ. ಅಲ್ಲಿ ಪುಸ್ತಕದ ಕಟ್ಟು ಸುತ್ತಿದ ಸುತಳಿ ಬಿಚ್ಚದೆ ಉಗ್ರಾಣದ ಮೂಲೆಯಲ್ಲಿತ್ತು. ವಾರ್ಡನ್ನರು ನಾಚಿಕೊಂಡು, “ಹಂಚಬೇಕಂತ ಇದ್ದೆ ಸರ್, ತಪ್ಪ ತಿಳ್ಕೋಬ್ಯಾಡ್ರಿ” ಎಂದರು. ನಾನು ಅವರ ಎರಡೂ ಕೈ ಹಿಡಿದುಕೊಂಡು “ಭಾಳ ಛಲೋ ಕೆಲಸ ಮಾಡೀರಿ” ಎಂದೆ. ವ್ಯಂಗ್ಯವೆಂದು ತಿಳಿದು ಅವರು ಇನ್ನೂ ಕುಗ್ಗಿದರು. ಕಿತ್ತೂರಿನಲ್ಲಿ ಪ್ರತಿಗಳಿದ್ದವು, ಹಾಳೆಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿದ್ದವು, ಸೂರು ಸೋರಿತ್ತಂತೆ. ಎಂ.ಕೆ. ಹುಬ್ಬಳ್ಳಿಯಲ್ಲಿ ದೇವರು ಕೈಬಿಟ್ಟ. ಅಲ್ಲಿನ ವಾರ್ಡನ್ ಹನ್ನೆರಡು ಪ್ರತಿಗಳನ್ನು ನಿಬಂಧ ಸ್ಪರ್ಧೆಯಲ್ಲಿ ಗೆದ್ದ ಹುಡುಗಿಯರಿಗೆ ಬಹುಮಾನವಾಗಿ ಕೊಟ್ಟುಬಿಟ್ಟಿದ್ದರು. ಹನ್ನೆರಡು ಮನೆಗಳ ಅಡುಗೆಮನೆ ಕಣ್ಣಮುಂದೆ ಬಂತು. ಅವರೆಲ್ಲರಿಗೂ ಫೋನು ಮಾಡಿಸಿ, ಸಂಜೆ ಪುಸ್ತಕ ತರಿಸಿದೆವು. ಒಬ್ಬ ಹುಡುಗಿ ಪುಸ್ತಕಕ್ಕೆ ಚೆಂದದ ರಟ್ಟು ಹಾಕಿ, ಹೆಸರು ಬರೆದು, ಹೊಚ್ಚ ಹೊಸದರಂತೆ ಇಟ್ಟಿದ್ದಳು. “ಓದೀಯೇನವಾ?” ಎಂದೆ. ಅವಳು ತಲೆ ತಗ್ಗಿಸಿ “ಇಲ್ರಿ ಸರ್” ಎಂದಳು. “ಶಾಣ್ಯಾ ಇದ್ದೀ” ಎಂದು ತಲೆ ಸವರಿದೆ. ಹುಡುಗಿ ಕಕ್ಕಾಬಿಕ್ಕಿಯಾಗಿ ವಾರ್ಡನ್ನರ ಮುಖ ನೋಡಿದಳು.

ಹೀಗೆ ಒಂಬತ್ತು ದಿನ ತಿರುಗಿದೆ. ಮೊಣಕಾಲು ಊದಿದವು. ಪ್ರತಿ ಪುಸ್ತಕದಲ್ಲೂ ಅದೇ ಪುಟ, ಅದೇ ಸಾಲು, ಅದೇ ಗೆರೆ. ಮುಚ್ಚಳ ಮುಚ್ಚಿ ಒಲೆ ಆರಿಸಬೇಕು, ಮುಚ್ಚಳ ಮುಚ್ಚಿ ಒಲೆ ಆರಿಸಬೇಕು ಎಂದು ಬರೆದೂ ಬರೆದೂ ಕೊನೆಗೆ ಅಕ್ಷರಗಳು ಅರ್ಥ ಕಳೆದುಕೊಂಡು ಬರೀ ಬಳ್ಳಿಗಳಂತೆ ಕಾಣತೊಡಗಿದವು. ರಾಮದುರ್ಗವನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅಲ್ಲಿನ ವಾರ್ಡನ್ನರು ನಿವೃತ್ತ ಶಿಕ್ಷಕರು, ಕಟ್ಟುನಿಟ್ಟಿನ ಮನುಷ್ಯ. ನನ್ನನ್ನು ಕಂಡೊಡನೆ ಅವರ ಮುಖ ಅರಳಿತು. “ಬರ್ರಿ ಸರ್, ಕುಂಡ್ರಿ. ನಿಮ್ಮ ಪುಸ್ತಕಕ್ಕ ನಾವು ಎಷ್ಟು ಮರ್ಯಾದಿ ಕೊಟ್ಟೇವಿ ನೋಡ್ರಿ” ಎಂದವರೇ ಮೂವರು ಅಡುಗೆಯ ಹೆಂಗಸರನ್ನು ಕರೆಸಿ ಸಾಲಾಗಿ ನಿಲ್ಲಿಸಿದರು. “ಹೂಂ, ಹೇಳ್ರಿ.” ಹೆಂಗಸರು ಕೈಕಟ್ಟಿಕೊಂಡು ಒಂದೇ ದನಿಯಲ್ಲಿ ನನ್ನ ಕೈಪಿಡಿಯನ್ನು ಒಪ್ಪಿಸತೊಡಗಿದರು. ‘ಪಾಕಶಾಲೆಯನ್ನು ಪ್ರವೇಶಿಸುವ ಮುನ್ನ ಹಸ್ತಪ್ರಕ್ಷಾಲನೆ ಅವಶ್ಯ…’ ಪುಟಕ್ಕೆ ಪುಟ ಬಾಯಿಪಾಠ. ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕುಳಿತೆ. ಬಂತು, ಮೂವತ್ತೊಂದನೆಯ ಪುಟ ಬಂತು. ‘ಕಾದ ಎಣ್ಣೆಗೆ ಬೆಂಕಿ ಹೊತ್ತಿಕೊಂಡರೆ ಗಾಬರಿಯಾಗದೆ ನೀರು ಹಾಕಬೇಕು!’ ಮೂರೂ ದನಿಗಳು ‘ಹಾಕಬೇಕು’ವನ್ನು ಎತ್ತರದಲ್ಲಿ ಎಳೆದು ನಿಲ್ಲಿಸಿದವು.

“ನಾ ಫೋನ್ ಮಾಡಿ ಹೇಳಿದ್ನೆಲ್ರಿ, ತಪ್ಪು ಅದ ಅಂತ!” ಎಂದು ನಾನು ಎದ್ದು ನಿಂತೇ ಬಿಟ್ಟೆ.

“ಹೇಳೇನ್ರಿ ಸರ್, ಅವತ್ತ ಹೇಳೇನಿ. ಆದ್ರ ಮೂರು ವರ್ಷ ಬಾಯಿಪಾಠ ಆಗಿದ್ದು ನಾಲಿಗಿಯಿಂದ ಇಳೀಬೇಕಲ್ರಿ” ಎಂದು ವಾರ್ಡನ್ ತಬ್ಬಿಬ್ಬಾದರು.

ನಾನು ಮುಂದೆ ನಿಂತಿದ್ದ ಹೆಂಗಸನ್ನು ಕೇಳಿದೆ. “ಯವ್ವಾ, ಖರೇ ಹೇಳ್ರಿ. ನಾಳೆ ಬಜಿ ಕರಿಯೂ ಮುಂದ ಎಣ್ಣಿಗೆ ಬೆಂಕಿ ಹತ್ತಿದ್ರ ನೀವು ಏನು ಮಾಡ್ತೀರಿ?”

“ಮುಚ್ಚಳಾ ಮುಚ್ಚತೇವ್ರಿ. ಮತ್ತೇನ್ ಮಾಡ್ತಾರ? ಹೋದ ವರ್ಷ ಒಮ್ಮಿ ಹತ್ತಿತ್ತು, ಹಂಗ ಮುಚ್ಚಿದ್ವಿ.”

“ಮತ್ತ ಈಗ ನೀರು ಹಾಕಬೇಕು ಅಂದ್ರೆಲ್ಲ?”

ಆಕೆ ನನ್ನನ್ನು ಕನಿಕರದಿಂದ ನೋಡಿದರು. “ಅದು ಸಾಹೇಬ್ರು ಬಂದಾಗ ಹೇಳೂದಕ್ಕರಿ.”

ನಾನು ಮತ್ತೆ ಕುಳಿತೆ. ನಕ್ಕೆನೋ ಅತ್ತೆನೋ ನೆನಪಿಲ್ಲ. ಅವರು ತಂದುಕೊಟ್ಟ ಮಜ್ಜಿಗೆಯನ್ನು ಎರಡು ಲೋಟ ಕುಡಿದದ್ದು ನೆನಪಿದೆ. ಮೂರು ವರ್ಷ ಯಾರಿಗೂ ಏನೂ ಆಗಿರಲಿಲ್ಲ. ಕೆಲವರು ನನ್ನ ಪುಸ್ತಕ ಓದದೆ ಉಳಿದಿದ್ದರು, ಕೆಲವರು ಓದಿ, ಬಾಯಿಪಾಠವನ್ನೂ ಮಾಡಿ, ನಂಬದೆ ಉಳಿದಿದ್ದರು. ವಾಪಸು ಬರುವ ಬಸ್ಸಿನಲ್ಲಿ ಮನಸ್ಸಿಗೆ ಸಮಾಧಾನವಾಗಬೇಕಿತ್ತು, ಆಯಿತು ಕೂಡ. ಆದರೆ ಇಷ್ಟು ದಣಿಸುವ ಸಮಾಧಾನವನ್ನು ನಾನು ಹಿಂದೆಂದೂ ಅನುಭವಿಸಿರಲಿಲ್ಲ.

ಮರುದಿನ ಕಾರ್ಯದರ್ಶಿಗಳ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಕೆಂಪು ಶಾಯಿಯ ಕರಡನ್ನೂ ಮೇಜಿನ ಮೇಲಿಟ್ಟೆ. ಕೊನೆಯ ವರ್ಷದಲ್ಲಿ ನೋಟೀಸು ಬಂದರೂ ಬರಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ವಿದ್ಯಾ ಮೇಡಂ ನಾನು ಕರೆಯದಿದ್ದರೂ ಜೊತೆಗೆ ಬಂದು, “ಸರ್, ನಾನೂ ಓದದನ ಕಾಪಿ ಮಾಡೇನಿ. ಕೋರ್ಸಿನ ಕೊನಿಗೆ ಇಟ್ಟ ಪರೀಕ್ಷಾದಾಗ ನೀರು ಅಂದವರಿಗೆ ಪೂರ್ತಿ ಅಂಕ ಇಟ್ಟಿದ್ದೆ” ಎಂದು ತಮ್ಮ ಪಾಲನ್ನೂ ಒಪ್ಪಿಕೊಂಡರು. ಕಾರ್ಯದರ್ಶಿಗಳು ಕರಡನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿದರು. “ಅದೆಲ್ಲಾ ಇರಲಿ ಜೋಶಿಯವರ. ಯಾರಿಗೂ ಸುಟ್ಟಿಲ್ಲ ಅಂದ್ರಲ್ಲ, ಅಷ್ಟ ಸಾಕು. ಈಗ ಹೇಳ್ರಿ, ಪುಸ್ತಕೋ ಮೊಬೈಲೋ?”

“ಎರಡೂ ಅಲ್ರಿ, ಗಂಗವ್ವ” ಎಂದೆ.

“ಆ ಕಾಲಂ ಇಲ್ಲಲ್ಲ.”

ಅರ್ಧ ಗಂಟೆ ಮಾತಾಯಿತು. ಮೊದಲು ಗಂಗವ್ವ ಎಲ್ಲ ನಿಲಯದ ಅಡುಗೆಯವರಿಗೂ ಕೈಯಾರೆ ಮಾಡಿ ತೋರಿಸುವುದು. ಅದನ್ನೇ ವಿದ್ಯಾ ಮೊಬೈಲಿನಲ್ಲಿ ಹಿಡಿದು ಕೋರ್ಸು ಮಾಡುವುದು. ಆಮೇಲೆ ಗಂಗವ್ವ ಹೇಳಿದ ಮಾತಿನಲ್ಲೇ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸುವುದು, ಅಚ್ಚಿಗೆ ಮುನ್ನ ಕರಡನ್ನು ಗಂಗವ್ವ ನೋಡಬೇಕು, ನಾನು ನೋಡಬಾರದು ಎಂದು ತೀರ್ಮಾನವಾಯಿತು. ಕೊನೆಯ ‘ಬಾರದು’ವನ್ನು ನಾನೇ ನನ್ನ ಕೈಯಿಂದ ಬರೆದೆ, ತಿದ್ದಲಿಲ್ಲ. ಆ ಹಾಳೆಯ ಎರಡೂ ಚೌಕಗಳಿಗೆ ಗುರುತು ಹಾಕಿ, ನಡುವಿನ ಖಾಲಿ ಜಾಗದಲ್ಲಿ ಗಂಗವ್ವನ ಹೆಸರು ಬರೆದೆವು.

ಮೊದಲ ತರಬೇತಿ ಬೈಲಹೊಂಗಲದ ನಿಲಯದ ಹಿತ್ತಿಲಲ್ಲಿ ನಡೆಯಿತು. ಮೂವತ್ತು ಜನ ಹೆಂಗಸರು ಸುತ್ತ ಕುಳಿತಿದ್ದರು. ಗಂಗವ್ವ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು ಬಂದಿದ್ದರು. ಬಯಲಲ್ಲಿ ಒಂದು ಒಲೆ, ಅದರ ಮೇಲೆ ಸಣ್ಣ ಬಾಣಲೆ, ತಳ ಮುಚ್ಚುವಷ್ಟೇ ಎಣ್ಣೆ. ಅವರು ಕೈಪಿಡಿಯ ಹಂಗಿಲ್ಲದೆ, ಒಗ್ಗರಣೆ ಸಿಡಿಯುವುದರಿಂದ ಹಿಡಿದು ಗ್ಯಾಸಿನ ಪೈಪು ನೋಡುವವರೆಗೆ ಎಲ್ಲವನ್ನೂ ತಮ್ಮ ಮಾತಿನಲ್ಲಿ ಹೇಳಿದರು. ನಾನು ಹಿಂದೆ ಕುಳಿತು ಬಹಳ ದಿನಗಳ ಮೇಲೆ ನಿರಾಳವಾಗಿದ್ದೆ. ನನ್ನ ಪಾಲಿನದು ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಗಂಗವ್ವ ನನ್ನ ಕಡೆ ನೋಡಿದರು.

“ಸಾಹೇಬ್ರ, ಮುಂದ ಬರ್ರಿ. ಪುಸ್ತಕಾ ಬರದವ್ರು ನೀವು. ಮೊದಲ ನೀವ ಮಾಡಿ ತೋರಸ್ರಿ, ಇವ್ರಿಗೂ ಧೈರ್ಯ ಬರತೈತಿ.”

ಎದ್ದು ಹೋದೆ. ಮುಚ್ಚಳವನ್ನು ಎಡಗೈಯಲ್ಲಿ ಕೊಟ್ಟರು. ವಿದ್ಯಾ ಮೊಬೈಲು ಎತ್ತಿ ಹಿಡಿದರು. ಎಣ್ಣೆ ಮೊದಲು ಹೊಗೆಯಾಡಿತು. ಆಮೇಲೆ ಒಮ್ಮೆಲೇ ಗೇಣುದ್ದ ಉರಿ ಎದ್ದಿತು. ಇಂಥ ಉರಿಯ ಬಗ್ಗೆ ನಾನು ಬರೆದಿದ್ದೆ, ತಿದ್ದಿದ್ದೆ, ಒಂಬತ್ತು ದಿನ ಊರೂರು ಅಲೆದಿದ್ದೆ. ಕಣ್ಣಾರೆ ನೋಡುತ್ತಿದ್ದುದು ಮಾತ್ರ ಅದೇ ಮೊದಲು. ಎಡಗೈ ಆ ಮುಚ್ಚಳವನ್ನು ಗುರಾಣಿಯಂತೆ ನನ್ನ ಎದೆಗೆ ಒತ್ತಿಕೊಂಡಿತು. ಬಲಗೈ ತಾನಾಗಿಯೇ ಚಾಚಿ, ಕುಡಿಯಲೆಂದು ಪಕ್ಕದಲ್ಲಿಟ್ಟಿದ್ದ ನೀರಿನ ತಂಬಿಗೆಯನ್ನು ಎತ್ತಿತು.

“ಯಪ್ಪಾ!” ಎಂದು ಗಂಗವ್ವ ನನ್ನ ಮಣಿಕಟ್ಟು ಹಿಡಿದರು. ಇನ್ನೊಂದು ಕೈಯಿಂದ ನನ್ನ ಎದೆಯ ಮೇಲಿನ ಮುಚ್ಚಳ ಕಿತ್ತುಕೊಂಡು ಬಾಣಲೆಯ ಮೇಲೆ ಜಾರಿಸಿ, ಒಲೆ ಆರಿಸಿದರು. ಗಂಗವ್ವ ತಂಬಿಗೆಯನ್ನು ನನ್ನ ಕೈಯಿಂದ ಮೆಲ್ಲನೆ ಬಿಡಿಸಿಕೊಂಡು ಹೆಂಗಸರ ಕಡೆ ತಿರುಗಿದರು.

“ಆ ಪುಸ್ತಕಾ ಓದಿ ಹಂಗ ಮಾಡಾವ್ರು ಯಾರೂ ಇಲ್ಲ ಅಂತ ತಿಳಿದಿದ್ದೆ” ಎಂದರು. “ಒಬ್ಬರು ಅದಾರ ನೋಡ್ರವ್ವಾ.”

ಮೂವತ್ತು ಜನ ಸೆರಗು ಬಾಯಿಗೆ ಒತ್ತಿಕೊಂಡರು. ರಾಮದುರ್ಗದವರು ಮಾತ್ರ ಒತ್ತಿಕೊಳ್ಳದೆ ನಕ್ಕರು. ಗಂಗವ್ವ ಬಾಣಲೆ ತಣ್ಣಗಾಗುವವರೆಗೆ ಕಾದು, ಒರೆಸಿ, ಮತ್ತೆ ಎರಡು ಚಮಚ ಎಣ್ಣೆ ಹಾಕಿ, “ಸಾಹೇಬ್ರ, ಇನ್ನೊಮ್ಮಿ ಬರ್ರಿ” ಎಂದರು. ನಾನು ಮುಚ್ಚಳ ಹಿಡಿದು ಮತ್ತೆ ಒಲೆಯ ಮುಂದೆ ನಿಂತೆ. ತಂಬಿಗೆಯನ್ನು ವಿದ್ಯಾ ಮೇಡಂ ಅಷ್ಟರಲ್ಲಿ ಒಳಗೆ ಒಯ್ದು ಇಟ್ಟು, ಬಾಗಿಲಿಗೆ ಚಿಲಕ ಹಾಕಿ ಬಂದಿದ್ದರು.